ಕರಗುವ ಬೆಟ್ಟವೂ ಬೊಮ್ಮಪ್ಪನ ಚಪ್ಪಡಿಯೂ

ಮಧುಗಿರಿ ಬೆಟ್ಟ ನೋಡದವರಿಗೆ ಈ ಕಥೆ ಹೇಳಿ ಪ್ರಯೋಜನವಿಲ್ಲ. ನೋಡಿದವರಿಗೆ ಹೇಳಿದರೆ ನಂಬುವುದಿಲ್ಲ. ಆದರೂ ಹೇಳಿಬಿಡಬೇಕು. ಇಲ್ಲದಿದ್ದರೆ ಬೊಮ್ಮಪ್ಪನ ಕಡೆಯವರು ಬೇರೆ ಥರ ಹೇಳಿಕೊಂಡು ತಿರುಗುತ್ತಾರೆ.

ಮೊದಲು ಬೆಟ್ಟದ ಮಾತು. ಬೇರೆ ಊರಿನ ಬೆಟ್ಟವೆಂದರೆ ಒಂದಿಷ್ಟು ಕಲ್ಲು, ಒಂದಿಷ್ಟು ಮಣ್ಣು, ನಡುವೆ ನಾಲ್ಕು ಸೀತಾಫಲದ ಗಿಡ. ಮಧುಗಿರಿಯದು ಹಾಗಲ್ಲ. ಬುಡದಿಂದ ತುದಿಯವರೆಗೆ ಒಂದೇ ಬಂಡೆ. ಯಾರೋ ದೊಡ್ಡ ಮುದ್ದೆ ಕಟ್ಟಿ ನೆಲದ ಮೇಲಿಟ್ಟು, ಸಾರು ತರುತ್ತೇನೆಂದು ಹೋದವರು ತಿರುಗಿ ಬರಲೇ ಇಲ್ಲವೇನೋ ಎಂಬ ಹಾಗೆ ಕೂತಿದೆ. ಅದರ ಮೇಲೆ ಕೋಟೆ ಕಟ್ಟಿದವರು ಹೋದರು, ಕೋಟೆ ಹಿಡಿದವರು ಹೋದರು, ಹಿಡಿದವರನ್ನು ಓಡಿಸಿದವರೂ ಹೋದರು. ಮುದ್ದೆ ಮಾತ್ರ ಹಾಗೇ ಇತ್ತು. ಅದಕ್ಕೂ ಏನಾದರೂ ಆಗಬಹುದೆಂದು ಊರಿನಲ್ಲಿ ಒಂದು ನರಪಿಳ್ಳೆಯೂ ಅಂದುಕೊಂಡಿರಲಿಲ್ಲ, ಬೊಮ್ಮಪ್ಪ ಬಾಯಿ ಬಿಡುವವರೆಗೆ.

ಬೊಮ್ಮಪ್ಪ ಕೆಟ್ಟವನಲ್ಲ. ಒಂದು ಜೊತೆ ಎತ್ತು, ಒಂದು ಗಾಡಿ, ಬೆಟ್ಟದ ಬುಡದ ಬೀದಿಯಲ್ಲಿ ಒಂದು ಮಣ್ಣಿನ ಮನೆ, ಊರ ಹೊರಗೆ ಒಂದಿಷ್ಟು ರಾಗಿ ಹೊಲ. ಅವನಿಗಿದ್ದ ರೋಗ ಒಂದೇ. ಎದುರಿಗಿದ್ದವನು ಒಂದು ಮಾತಾಡಿದರೆ ತಾನು ಅದಕ್ಕಿಂತ ಒಂದು ಮೊಳ ಉದ್ದದ ಮಾತಾಡದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಈ ರೋಗ ಬಡವನಹಳ್ಳಿ ಸಂತೆಯಲ್ಲಿ ಕೆರಳಿತು. ಪ್ಲೇಗು ಬಂದು ಊರು ಬಿಟ್ಟು, ಮತ್ತೆ ಊರು ಸೇರಿ ಎರಡು ವರ್ಷವಾಗಿದ್ದ ಕಾಲ ಅದು. ಬೊಮ್ಮಪ್ಪನ ಮಗಳು ರಂಗಕ್ಕನಿಗೆ ಸಿರಾದ ತಿಮ್ಮರಾಯಪ್ಪನ ಮಗನನ್ನು ಕೇಳಿದ್ದರು. ಜಾತಕ ಕೂಡಿತ್ತು, ಮಾತು ಮುಕ್ಕಾಲು ಆಗಿತ್ತು. ಮನೆ ನೋಡುವ ಶಾಸ್ತ್ರವೊಂದೇ ಬಾಕಿ. ಸಂತೆಯ ಹುಣಸೆಮರದ ಕೆಳಗೆ ತಿಮ್ಮರಾಯಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ನಮ್ಮ ಪಡಸಾಲೇಲಿ ನಾಕು ಕಲ್ಲು ಕಂಬ ಅವೆ ಕಣಪ್ಪ, ಖುದ್ದು ನಮ್ಮ ತಾತ ನಿಲ್ಸಿದ್ದು" ಎಂದ.

ಅಷ್ಟಕ್ಕೆ ಸುಮ್ಮನಿರಬಾರದೇ?

"ಕಂಬ ಬುಡಿ," ಎಂದ ಬೊಮ್ಮಪ್ಪ. "ನಮ್ಮ ಜಗಲಿ ಬಂದು ನೋಡಿ. ಒಂದೇ ಚಪ್ಪಡಿ. ಹನ್ನೆರಡಡಿ ಉದ್ದ. ಇಪ್ಪತ್ತು ಜನ ಕುಂತ್ರೂ ಮಿಸುಕಾಕಿಲ್ಲ."

"ಒಂದೇ ಚಪ್ಪಡೀನಾ?"

"ಒಂದೇ! ಎಲ್ಲೂ ಕೂಡಿಸಿಲ್ಲ!"

ತಿಮ್ಮರಾಯಪ್ಪನ ದವಡೆ ನಿಂತಿತು. "ಬೇಷ್. ಸೋಮವಾರ ಒಳ್ಳೇ ದಿನ. ನಿಮ್ಮ ಚಪ್ಪಡಿ ಮ್ಯಾಲೇ ಕುಂತು ತಾಂಬೂಲ ಬದಲಾಯಿಸ್ಕಳಣ. ಆದ್ರೆ ಒಂದ್ಮಾತು. ನನ್ನ ಮುಂದೆ ಸುಳ್ಳಾಡಿದೋರ ಮನೇಲಿ ನಾನು ನೀರೂ ಕುಡಿಯಾಕಿಲ್ಲ."

ಬೊಮ್ಮಪ್ಪನ ಜಗಲಿ ಮಣ್ಣಿನದು. ಸಗಣಿ ಸಾರಿಸಿ ಸಾರಿಸಿ ನಡುವೆ ಹಳ್ಳ ಬಿದ್ದಿತ್ತು. ಹಳ್ಳದ ಪಕ್ಕದಲ್ಲಿ ಒಂದು ಹೆಗ್ಗಣದ ಬಿಲವಿತ್ತು. ಹೆಗ್ಗಣ ಒಳಗೇ ಇತ್ತು.

ಹೆಂಡತಿ ಕೊಲ್ಲಾಪುರಮ್ಮನಿಗೆ ಹೇಳಿದರೆ ಅವಳು ಒನಕೆ ತೆಗೆದುಕೊಳ್ಳುತ್ತಾಳೆಂದು ಬೊಮ್ಮಪ್ಪ ನೇರವಾಗಿ ಕಲ್ಲು ಕೆಲಸದ ಬೋರಪ್ಪನ ಗುಡಿಸಲಿಗೆ ಹೋದ. ಬೋರಪ್ಪ ಹನ್ನೆರಡಡಿ ಎಂಬ ಮಾತು ಕೇಳಿ ತಲೆ ಕೆರೆದುಕೊಂಡ.

"ಆ ಅಳತೆಗೆ ಸಣ್ಣ ಪುಟ್ಟ ಬಂಡೆ ಆಗಾಕಿಲ್ಲ ಬೊಮ್ಮಪ್ಪಣ್ಣ. ದೊಡ್ಡ ಬೆಟ್ಟದ ಹಿಂದ್ಲ ಮಗ್ಗುಲಿಗೇ ಕೈ ಹಾಕ್ಬೇಕು. ಸರ್ಕಾರದ ಬೆಟ್ಟ, ಯಾರ ಕಿವಿಗೂ ಬೀಳ್ಬಾರ್ದು. ಬಂಡೆ ಮ್ಯಾಲೆ ಸೌದೆ ಹಾಸಿ ಬೆಂಕಿ ಕೊಟ್ರೆ ಬಿಸಿಗೆ ಬಂಡೆ ತಾನೇ ಪದರ ಬುಡ್ತದೆ. ಢಂ ಅಂತದೆ, ಎದ್ದು ಬತ್ತದೆ. ಸೋಮವಾರ ನಡು ಹೊತ್ತಿಗೆ ನಿನ್ನ ಬಾಗಿಲಿಗೆ ತತ್ತೀನಿ."

"ಆಗ್ಲಿ ಆಗ್ಲಿ" ಎಂದ ಬೊಮ್ಮಪ್ಪ. ಬೆಂಕಿಯ ಮಾತು ಅವನ ಒಂದು ಕಿವಿಯಿಂದ ಹೊಕ್ಕು, ಒಳಗೆ ತಡೆಯುವಂಥದ್ದು ಏನೂ ಇಲ್ಲದ್ದರಿಂದ, ಇನ್ನೊಂದು ಕಿವಿಯಿಂದ ಹೋಯಿತು. ಬೀಗರ ಮುಂದೆ ಚಪ್ಪಡಿಯನ್ನು ಹದಿನಾಲ್ಕಡಿ ಎನ್ನಬಹುದೇ ಎಂದು ಅವನು ಯೋಚಿಸುತ್ತಿದ್ದ.

ಅಷ್ಟರಲ್ಲಿ ಬೆಂಗಳೂರಿನಿಂದ ಕಲ್ಲಿನ ಸಾಹೇಬರು ಬಂದರು.

ಅವರ ಹೆಸರು ಊರಿನವರ ನಾಲಿಗೆಗೆ ಹತ್ತಲಿಲ್ಲ. ತಲೆಗೆ ಬುಟ್ಟಿಯಂಥ ಟೋಪಿ, ಸೊಂಟದಲ್ಲಿ ಸಣ್ಣ ಸುತ್ತಿಗೆ. ಕಂಡ ಕಂಡ ಬಂಡೆಗೆ ಸುತ್ತಿಗೆಯಿಂದ ಕುಟ್ಟುವುದು, ಚೂರನ್ನು ಬಿಸಿಲಿಗೆ ಹಿಡಿದು ನೋಡುವುದು, ಚೀಟಿ ಅಂಟಿಸಿ ಚೀಲಕ್ಕೆ ಹಾಕುವುದು. ಈ ಕೆಲಸಕ್ಕೆ ಮಹಾರಾಜರ ಸರ್ಕಾರ ಸಂಬಳ ಕೊಡುತ್ತದೆ ಎಂಬುದೇ ಊರಿಗೆ ಮೊದಲನೆಯ ಆಶ್ಚರ್ಯ. ಅವರು ಗೊತ್ತು ಮಾಡಿಕೊಂಡದ್ದು ಬೊಮ್ಮಪ್ಪನ ಗಾಡಿ. ಎರಡು ದಿನ ಕಲ್ಲು ಹೊತ್ತು ಎತ್ತುಗಳು ಸೊರಗಿದವು. ಬೊಮ್ಮಪ್ಪ ಮಾತ್ರ "ನಾನೂ ಸಾಹೇಬ್ರೂ ಸೇರಿ ಬೆಟ್ಟ ಪರೀಕ್ಷೆ ಮಾಡ್ತಾ ಇದೀವಿ" ಎಂದು ಹೇಳಿಕೊಂಡು ದಪ್ಪಗಾದ.

ಶನಿವಾರ ಮಧ್ಯಾಹ್ನ ರಂಗಕ್ಕ ಬುತ್ತಿ ತಂದಳು. ಸಾಹೇಬರು ಬೆಟ್ಟದ ಬುಡದ ಹೊಲದ ಅಂಚಿನಲ್ಲಿ ಕೂತು ಒಂದು ಬೆಳ್ಳನೆಯ ಕಲ್ಲನ್ನು ಎತ್ತಿಕೊಂಡರು. ಜೇಬಿನಿಂದ ಒಂದು ಸಣ್ಣ ಸೀಸೆ ತೆಗೆದು ಅದರ ಮೇಲೆ ಎರಡು ತೊಟ್ಟು ಬಿಟ್ಟರು.

ಕಲ್ಲು ಬುಸ್ಸೆಂದಿತು. ನೊರೆ ಬಂದಿತು. ಹಾಲುಕ್ಕಿದ ಹಾಗೆ ಗುಳುಗುಳು ಕುದಿಯಿತು.

ಬೊಮ್ಮಪ್ಪ ಎರಡು ಮಾರು ಹಿಂದಕ್ಕೆ ಹಾರಿದ. "ಸ್ವಾಮಿ! ಕಲ್ಲು ಕುದೀತಾ ಐತೆ!"

ಸಾಹೇಬರು ನಕ್ಕರು. ಎರಡು ದಿನದಿಂದ ಯಾರೂ ಅವರ ಶಾಸ್ತ್ರದ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಕೇಳುವವನೊಬ್ಬ ಸಿಕ್ಕನೆಂದು ಅವರಿಗೆ ಹುರುಪು ಬಂತು. "ಇದಕ್ಕೇ ಹೆದರಿದೆಯಲ್ಲಪ್ಪ! ಅಗೋ, ಆ ಬೆಟ್ಟ ನೋಡು. ಅದು ಒಂದು ಕಾಲದಲ್ಲಿ ಕಲ್ಲೇ ಆಗಿರಲಿಲ್ಲ. ಕುದಿಯುವ ಗಂಜಿಯ ಹಾಗಿತ್ತು. ಭೂಮಿಯ ಹೊಟ್ಟೆಯಲ್ಲಿ ಕುದ್ದು, ಆರಿ, ಗಟ್ಟಿಯಾದದ್ದು."

ಬೊಮ್ಮಪ್ಪ ತಲೆಯೆತ್ತಿ ಬೆಟ್ಟ ನೋಡಿದ. ಐವತ್ತು ವರ್ಷದಿಂದ ದಿನಾ ನೋಡಿದ ಬೆಟ್ಟ. ಈಗ ಅದರ ಮೈಮೇಲಿನ ಕಪ್ಪು ಗೆರೆಗಳೆಲ್ಲ ಉಕ್ಕಿ ಹರಿದ ಅಂಬಲಿಯ ಕಲೆಗಳಂತೆ ಕಂಡವು.

"ಈಗ ಒಳಗೆ ತಣ್ಣಗಾಗೈತಲ್ಲ ಸ್ವಾಮಿ?"

"ಎಲ್ಲಿ ತಣ್ಣಗೆ? ಕೆಳಕ್ಕೆ ಹೋದಷ್ಟೂ ಬಿಸಿ. ಕೋಲಾರದ ಗಣಿಯಲ್ಲಿ ಇಳಿದವರನ್ನು ಕೇಳು. ಅದಿರಲಿ, ಈಚೆಗೆ ವಿಲಾಯತಿಯ ಪಂಡಿತರು ಇನ್ನೊಂದು ಕಂಡುಹಿಡಿದಿದ್ದಾರೆ. ಇಂಥ ಬಂಡೆಯೊಳಗೆ ರೇಡಿಯಂ ಅಂತ ಒಂದು ಪದಾರ್ಥ ಕಣಕಣವಾಗಿ ಇರುತ್ತದೆ. ಅದಕ್ಕೆ ಸೌದೆ ಬೇಡ, ಎಣ್ಣೆ ಬೇಡ. ತನ್ನಷ್ಟಕ್ಕೆ ತಾನೇ ಬಿಸಿ ಕಾರುತ್ತಾ ಇರುತ್ತದೆ."

"ಹಂಗಾದ್ರೆ... ಬೆಟ್ಟ ಮತ್ತೆ ಕರಗ್ತದಾ ಸ್ವಾಮಿ?"

"ಕರಗದೆ ಏನು? ಬಂಡೆಗಳ ಹಣೆಬರಹವೇ ಅದು."

"ಯಾವಾಗ?"

"ಅಯ್ಯೋ, ಕೋಟಿ ವರ್ಷವೋ, ಹತ್ತು ಕೋಟಿ ವರ್ಷವೋ. ನಮ್ಮ ಶಾಸ್ತ್ರದಲ್ಲಿ ಅದೆಲ್ಲ ನಾಳೆ ನಾಡಿದ್ದು ಇದ್ದ ಹಾಗೆ." ಹೀಗೆಂದು ಸಾಹೇಬರು ರಂಗಕ್ಕ ಕೊಟ್ಟ ಮಜ್ಜಿಗೆ ಕುಡಿದು, ಅದೇ ಸಂಜೆ ಮೂಟೆ ಕಟ್ಟಿಸಿ ಕೊರಟಗೆರೆ ದಾರಿ ಹಿಡಿದರು.

ಬೊಮ್ಮಪ್ಪನಿಗೆ ಕೋಟಿ ಎಂದರೆ ಎಷ್ಟು ಎಂಬುದು ಗೊತ್ತಿರಲಿಲ್ಲ. ನಾಳೆ ನಾಡಿದ್ದು ಎಂದರೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದನ್ನು ಇಟ್ಟುಕೊಂಡು ಗೊತ್ತಿಲ್ಲದ್ದನ್ನು ಹೊಲದಲ್ಲೇ ಬಿಟ್ಟು ಮನೆಗೆ ಬಂದ. ಬರುವಾಗ ಆ ಬಿಳಿ ಕಲ್ಲನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡಿದ್ದ, ಹಾವು ಹಿಡಿದವನ ಹಾಗೆ ಮೈಯಿಂದ ದೂರ ಹಿಡಿದು.

ಮನೆಯಲ್ಲಿ ಕೊಲ್ಲಾಪುರಮ್ಮನ ತಮ್ಮ ಓಬಳಯ್ಯ ಬಂದಿದ್ದ. ಅಕ್ಕನ ಮಗಳ ಶಾಸ್ತ್ರಕ್ಕೆಂದು ಪಾವಗಡದಿಂದ ಎರಡು ದಿನ ಮೊದಲೇ ಗಾಡಿ ಕಟ್ಟಿಕೊಂಡು ಬಂದು, ಮೂರನೆಯ ಮುದ್ದೆ ಮುರಿಯುತ್ತಿದ್ದ. ಬೊಮ್ಮಪ್ಪ ಕಲ್ಲನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟ.

"ಬೆಟ್ಟ ಕರಗ್ತಾ ಐತೆ," ಎಂದ.

"ಏಮಿ ಬಾವ? ಯಾವ ಕೊಂಡ?" ಎಂದ ಓಬಳಯ್ಯ, ಪಾವಗಡದ ತೆಲುಗು ಬೆರೆಸಿ.

"ನಮ್ಮ ಬೆಟ್ಟ ಕಣ್ಲಾ! ಒಳಗೆ ರೇಡಿಯಂ ಅಂತ ಕುಂತೈತೆ. ಸೌದೆ ಬ್ಯಾಡ್ವಂತೆ ಅದ್ಕೆ. ನಾಳೆ ನಾಡಿದ್ರಲ್ಲಿ ಗಂಜಿ ಆಗಿ ಇಳಿದು ಬತ್ತದೆ!"

ಕೊಲ್ಲಾಪುರಮ್ಮ ಒಲೆಯ ಮುಂದಿನಿಂದಲೇ, "ಬಿಸಿಲಿಗೆ ತಲೆ ಕಾದೈತೆ. ಓಬಳ, ನಿಮ್ಮ ಬಾವನ ನೆತ್ತಿಗೆ ಒಸಿ ಹರಳೆಣ್ಣೆ ತಟ್ಲಾ" ಎಂದಳು.

ಸಾಹೇಬರ ಸೀಸೆ ಇಲ್ಲದ್ದರಿಂದ ಬೊಮ್ಮಪ್ಪ ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ನಿಂಬೆಹಣ್ಣನ್ನು ಕೊಯ್ದು ಕಲ್ಲಿನ ಮೇಲೆ ಹಿಂಡಿದ. ಕಲ್ಲು ಚುಯ್ ಎಂದಿತು. ನೊರೆ ಎದ್ದಿತು. ಓಬಳಯ್ಯನ ಬಾಯಿಗೆ ಹೋಗುತ್ತಿದ್ದ ಮುದ್ದೆ ಹಾದಿಯಲ್ಲೇ ನಿಂತಿತು.

"ಅಯ್ಯಯ್ಯೋ ದೇವುಡಾ!"

"ನಿಂಬೆಹುಳಿಗೇ ಇಷ್ಟು ಕುದಿಯೋದಾದ್ರೆ," ಎಂದು ಬೊಮ್ಮಪ್ಪ ಸಾಕ್ಷಾತ್ ಪಂಡಿತರ ದನಿಯಲ್ಲಿ ಹೇಳಿದ, "ರೇಡಿಯಂಗೆ ಎಷ್ಟು ಕುದೀಬೇಡ!"

"ಅಪ್ಪಾ, ಅದು ಸುಣ್ಣದ ಕಲ್ಲು," ಎಂದಳು ರಂಗಕ್ಕ. "ಹೊಲದಲ್ಲಿ ಸಿಕ್ಕಿದ್ದು. ಬೆಟ್ಟದ್ದಲ್ಲ. ಅಲ್ಲದೆ ಸಾಹೇಬ್ರು ಕೋಟಿ ವರ್ಸ ಅಂದ್ರು."

ಯಾರು ಕೇಳುತ್ತಾರೆ? ಬುದ್ಧಿವಂತರು ಮೆಲ್ಲಗೆ ಮಾತಾಡುತ್ತಾರೆ. ಲೋಕ ಹಾಳಾಗುವುದು ಅದಕ್ಕೇ. ಅಷ್ಟು ಹೊತ್ತಿಗೆ ನೊರೆ ನೋಡಲು ಅಕ್ಕಪಕ್ಕದ ಆರು ಮನೆಯವರು ಒಳಗೆ ಬಂದಾಗಿತ್ತು. ದೀಪ ಹಚ್ಚುವುದರೊಳಗೆ ಆ ಬೀದಿಯಲ್ಲಿ ಒಂದು ನಿಂಬೆಹಣ್ಣು ಉಳಿಯಲಿಲ್ಲ. ಎಲ್ಲರೂ ಹಿತ್ತಿಲಿನಿಂದ ಒಂದೊಂದು ಕಲ್ಲು ತಂದು ಪರೀಕ್ಷೆ ಮಾಡಿದರು. ಸುಣ್ಣದ ಕಲ್ಲು ಸಿಕ್ಕಿದವರು ಕಿರುಚಿದರು. ಕರಿಕಲ್ಲು ಸಿಕ್ಕಿದವರು, "ನಮ್ದಿನ್ನೂ ಕಾದಿಲ್ಲ, ನಾಳಿಕ್ಕೆ ಕಾಯ್ಬೈದು" ಎಂದು ಸಮಾಧಾನ ಮಾಡಿಕೊಂಡರು.

ಭಾನುವಾರ ಬೆಳಗ್ಗೆ ಬೊಮ್ಮಪ್ಪ, ಓಬಳಯ್ಯ, ಹಿಂದೆ ಮೂವತ್ತು ಜನ, ಶೇಖದಾರ ನಂದೀಶ್ವರಯ್ಯನ ಮನೆಯ ಮುಂದೆ ನಿಂತರು. ಶೇಖದಾರನೆಂದರೆ ಆ ಬೀದಿಗಳಿಗೆ ಸರ್ಕಾರವೇ. ನಂದೀಶ್ವರಯ್ಯ ಕನ್ನಡಕ ಹಾಕಿಕೊಂಡು ಹೊರಗೆ ಬಂದು ಎಲ್ಲವನ್ನೂ ಕೇಳಿದ.

"ಬೆಂಕಿ ಬಿದ್ದರೆ ತುಂಬಿಸಿ ಕಳಿಸಲು ಒಂದು ನಮೂನೆ ಇದೆ," ಎಂದ. "ಕೆರೆ ಒಡೆದರೆ ಒಂದು ನಮೂನೆ. ಪ್ಲೇಗಿಗೆ ಎರಡು ನಮೂನೆ. ಬೆಟ್ಟ ಕರಗುವುದಕ್ಕೆ ನಮೂನೆ ಇಲ್ಲ. ನಮೂನೆ ಇಲ್ಲದ್ದು ಮೈಸೂರು ಸಂಸ್ಥಾನದಲ್ಲಿ ನಡೆಯುವ ಹಾಗಿಲ್ಲ."

"ನಡೆದ್ಬುಟ್ರೆ ಸ್ವಾಮಿ?"

"ನಡೆದರೆ ಇನ್ನೂ ತೊಡಕು. ಬೆಟ್ಟ ಸರ್ಕಾರದ್ದು. ಮನೆ ನಿನ್ನದು. ಸರ್ಕಾರದ ಬೆಟ್ಟ ಹರಿದು ನಿನ್ನ ಮನೆಯೊಳಕ್ಕೆ ಬಂತು ಅಂತ ಇಟ್ಟುಕೋ. ಆಗ ಒತ್ತುವರಿ ಮಾಡಿದವರು ಯಾರು? ಸರ್ಕಾರ ಒತ್ತುವರಿ ಮಾಡುವುದಿಲ್ಲ. ಅಂದಮೇಲೆ ಕೇಸು ನಿನ್ನ ಮೇಲೇ."

ಬೊಮ್ಮಪ್ಪನಿಗೆ ಬೆಟ್ಟಕ್ಕಿಂತ ಇದು ಹೆಚ್ಚು ಭಯವಾಯಿತು. "ನಂಗೇನ್ ಗೊತ್ತು ಸ್ವಾಮಿ, ಬೆಂಗ್ಳೂರಿನ ಸಾಹೇಬ್ರೇ ಹೇಳಿದ್ದು!"

ನಂದೀಶ್ವರಯ್ಯನ ಕನ್ನಡಕ ಮೂಗಿನ ತುದಿಗೆ ಜಾರಿತು. "ಸಾಹೇಬರು ಹೇಳಿದರೇ? ಟೋಪಿ ಸಾಹೇಬರೇ? ಅಯ್ಯೋ ಪಾಪಿ, ಅದನ್ನು ಮೊದಲೇ ಬೊಗಳಬಾರದಾ! ಸಾಹೇಬರು ಹೇಳಿದಮೇಲೆ ಕರಗಿದ ಹಾಗೇ ಅಲ್ಲವೇನೋ!" ಎಂದವನೇ ಒಳಗೆ ಹೋಗಿ, ಪ್ಲೇಗಿನ ನಮೂನೆಯನ್ನೇ ತೆಗೆದು, 'ಪ್ಲೇಗು' ಎಂಬುದನ್ನು ಹೊಡೆದುಹಾಕಿ 'ಬೆಟ್ಟ' ಎಂದು ಬರೆದ. 'ಸತ್ತ ಇಲಿಗಳ ಸಂಖ್ಯೆ' ಎಂಬಲ್ಲಿ 'ಇನ್ನೂ ಇಲ್ಲ' ಎಂದು ತುಂಬಿಸಿ, ಹೊರಗೆ ನಿಂತವರಿಗೆಲ್ಲ ಗಟ್ಟಿಯಾಗಿ ಓದಿದ. ಸಂಜೆಗೆ ಅವನ ಮನೆಯ ಹಿತ್ತಿಲಲ್ಲಿ ತೊಟ್ಟಿಲು, ಬೀಸುವ ಕಲ್ಲು, ಅತ್ತೆ, ಎಲ್ಲವೂ ಗಾಡಿ ಏರಿದ್ದನ್ನು ಕಂಡವರಿದ್ದಾರೆ.

ಈ ಗಲಾಟೆಯಲ್ಲಿ ಬೊಮ್ಮಪ್ಪ ಎರಡು ಸಂಗತಿ ಮರೆತ. ಸೋಮವಾರ ಬೀಗರು ಬರುತ್ತಾರೆ ಎಂಬುದೊಂದು. ಬೋರಪ್ಪ ಬೆಟ್ಟದ ಹಿಂದಿದ್ದಾನೆ ಎಂಬುದು ಇನ್ನೊಂದು.

ಸೋಮವಾರ ಹೊತ್ತು ಮೂಡಿತು. ಕೊಲ್ಲಾಪುರಮ್ಮ ಬಾಗಿಲಿಗೆ ನೀರು ಹಾಕಲು ತಂಬಿಗೆ ಹಿಡಿದು ಹೊರಗೆ ಬಂದವಳು, ತಲೆ ಎತ್ತಿದಳು. ತಂಬಿಗೆ ಕೈಬಿಟ್ಟಿತು.

ಬೆಟ್ಟದ ಹಿಂದಿನಿಂದ ಹೊಗೆ ಏಳುತ್ತಿತ್ತು. ಸಣ್ಣ ಹೊಗೆಯಲ್ಲ. ಮುದ್ದೆಯ ನೆತ್ತಿಯ ಹಿಂದೆ ಕಪ್ಪಗೆ, ದಪ್ಪಗೆ, ಸುರುಳಿ ಸುರುಳಿಯಾಗಿ.

ಮೊನ್ನೆ ಗಂಡನ ನೆತ್ತಿಗೆ ಹರಳೆಣ್ಣೆ ತಟ್ಟಬೇಕೆಂದವಳು ಈಗ ಒಂದೇ ಕೂಗು ಕೂಗಿದಳು. "ಅಯ್ಯಪ್ಪಾ! ಒಲೆ ಹತ್ಕಂತು!"

ಆ ಊರಿಗೆ ಊರು ಬಿಡುವುದು ಹೊಸದಲ್ಲ. ಪ್ಲೇಗಿನ ಕಾಲದಲ್ಲಿ ನಾಲ್ಕು ಸಲ ಬಿಟ್ಟು ಅಭ್ಯಾಸವಾಗಿತ್ತು. ಸಿರಾ ರಸ್ತೆಯ ಬಯಲಿನಲ್ಲಿ ಯಾವ ಮನೆಯ ಷೆಡ್ಡು ಎಲ್ಲಿ, ಯಾರು ಯಾವ ಮರದ ಕೆಳಗೆ ಒಲೆ ಹೂಡಬೇಕು ಎಂಬುದು ಕೂಸಿಗೂ ಬಾಯಿಪಾಠ. ಆದ್ದರಿಂದ ಗಾಡಿಗಳು ತಾವಾಗಿಯೇ ಕಟ್ಟಿಕೊಂಡವು, ಮೂಟೆಗಳು ತಾವಾಗಿಯೇ ಗಂಟಾದವು. ಜನ ಊರ ಬಾಗಿಲು ದಾಟುತ್ತಿದ್ದಂತೆ ಹಿಂದಿನಿಂದ ಒಂದು ಸದ್ದು ಬಂತು.

ಢಂ!

ಬೋರಪ್ಪ ಹೇಳಿದ ಹಾಗೇ ಬಂಡೆ ಪದರ ಬಿಟ್ಟಿತ್ತು.

ಆಮೇಲೆ ನಡೆದದ್ದಕ್ಕೆ ನಡಿಗೆ ಎನ್ನಲಾಗುವುದಿಲ್ಲ. ಹತ್ತು ವರ್ಷದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಮುದುಕ ಎಲ್ಲರಿಗಿಂತ ಮೊದಲು ಬಯಲು ಮುಟ್ಟಿ, ಒಳ್ಳೆಯ ನೆರಳು ಹಿಡಿದು ಕೂತಿದ್ದ. ಅವನ ಪಕ್ಕದ ಮರದ ಕೆಳಗೆ ನಂದೀಶ್ವರಯ್ಯ ಆಗಲೇ ಒಲೆ ಹೂಡಿದ್ದ.

ಬೊಮ್ಮಪ್ಪ ಗಾಡಿ ನಿಲ್ಲಿಸಿ ಉಸಿರು ಬಿಡುವಷ್ಟರಲ್ಲಿ ಸಿರಾ ಕಡೆಯಿಂದ ಮೂರು ಗಾಡಿ ಬಂದವು. ಎತ್ತಿನ ಕೊಂಬಿಗೆ ಕುಚ್ಚು, ಕೊರಳಿಗೆ ಗೆಜ್ಜೆ. ಮುಂದಿನ ಗಾಡಿಯಲ್ಲಿ ಜರಿ ರುಮಾಲು ಸುತ್ತಿದ ತಿಮ್ಮರಾಯಪ್ಪ, ಪಕ್ಕದಲ್ಲಿ ಹೊಸ ಕೋಟು ತೊಟ್ಟು ಬೆವರುತ್ತಿದ್ದ ಮಗ.

ಬೊಮ್ಮಪ್ಪನಿಗೆ ಈಗ ನೆನಪಾಯಿತು. ಸಿಡಿಲು ಬಡಿದವನ ಹಾಗೆ ನಿಂತ. ಆದರೂ ಅವನ ಮನಸ್ಸು ಒಳ್ಳೆಯದೇ. ಬೀಗರ ಪ್ರಾಣ ಉಳಿಯಲಿ ಎಂದು ಎರಡೂ ಕೈ ಚಾಚಿ ರಸ್ತೆಗೆ ಅಡ್ಡ ನಿಂತ.

"ಹೋಗ್ಬ್ಯಾಡಿ ಬೀಗ್ರೆ! ನಿಮ್ಮ ದಮ್ಮಯ್ಯ! ಬೆಟ್ಟ ಕರಗ್ತಾ ಐತೆ!"

ತಿಮ್ಮರಾಯಪ್ಪ ಹಗ್ಗ ಜಗ್ಗಿ ಗಾಡಿ ನಿಲ್ಲಿಸಿದ. ಬೊಮ್ಮಪ್ಪನನ್ನು ನೋಡಿದ. ದೂರದಲ್ಲಿ ಕೂತಿದ್ದ ಬೆಟ್ಟವನ್ನು ನೋಡಿದ. ಬಯಲು ತುಂಬ ಮೂಟೆ ಬಿಚ್ಚುತ್ತಿದ್ದ ಜನರನ್ನು ನೋಡಿದ.

"ಭಲೇ ಬೊಮ್ಮಪ್ಪ," ಎಂದ. "ಸುಳ್ಳು ಹೇಳೋರ್ನ ಭಾಳ ನೋಡಿವ್ನಿ. ಚಪ್ಪಡಿ ಒಡೆದೋಯ್ತು ಅಂತಾರೆ, ಕಳ್ರು ಹೊತ್ಕಂಡು ಹೋದ್ರು ಅಂತಾರೆ. ಜಗಲೀಲಿ ಒಂದು ಚಪ್ಪಡಿ ಇಲ್ಲ ಅಂತ ಹೇಳಾಕೆ ನಾಚ್ಕಂಡು ಇಡೀ ಬೆಟ್ಟಾನೇ ಕರಗಿಸ್ಬುಟ್ಟೋನ್ನ ಇವತ್ತೇ ನೋಡಿದ್ದು ಕಣಯ್ಯ!"

"ಇಲ್ಲ ಬೀಗ್ರೆ, ರೇಡಿಯಂ..."

"ಅದ್ಯಾವನೋ ನಂಗೊತ್ತಿಲ್ಲ. ಚಪ್ಪಡಿ ಇದ್ರೆ ಈ ಸಂಬಂಧ. ಇಲ್ದಿದ್ರೆ ಇವತ್ತೇ ಫೈಸಲ್. ಹೊಡಿಯಪ್ಪಾ ಗಾಡಿ!"

ಮೂರೂ ಗಾಡಿ ಗೆಜ್ಜೆ ಗಲಗಲಿಸುತ್ತಾ ಕರಗುವ ಬೆಟ್ಟದ ಕಡೆಗೆ ಹೋದವು. ಬೊಮ್ಮಪ್ಪ ಬಾಯಿ ತೆರೆದುಕೊಂಡು ನಿಂತಿದ್ದ. ಹಿಂದಿನಿಂದ ಕೊಲ್ಲಾಪುರಮ್ಮ ಬಂದು ಅವನ ರಟ್ಟೆ ಹಿಡಿದಳು. ಅವಳ ಮುಖ ಸುಣ್ಣದ ಕಲ್ಲಿಗಿಂತ ಬೆಳ್ಳಗಾಗಿತ್ತು.

"ರಂಗಿ ಎಲ್ಲಿ?"

"ನಿನ್ನ ತಮ್ಮನ ಗಾಡೀಲಿ."

"ಇಲ್ವಲ್ಲ! ಅವ್ನು ನಿಮ್ಮ ಗಾಡೀಲಿ ಅವ್ಳೆ ಅಂತಾನೆ!"

ಓಬಳಯ್ಯ ತಲೆಯ ಮೇಲೆ ಕೈಹೊತ್ತು ಕೂತ. "ಹೊಲ್ಡೋ ಹೊತ್ನಲ್ಲಿ ಕೊಟ್ಟಿಗೇಲಿ ಇದ್ಲು ಬಾವ. ಹಸು ಈಯ್ತಾ ಐತೆ, ಬುಟ್ಟು ಹೆಂಗೆ ಬರ್ಲಿ ಅಂದ್ಲು. ನೀನು ಕರ್ಕಂಡು ಬತ್ತೀಯ ಅನ್ಕಂಡೆ."

ಇಲ್ಲಿ ಬೊಮ್ಮಪ್ಪನಿಗೆ ಸಲ್ಲಬೇಕಾದ್ದು ಸಲ್ಲಬೇಕು. ಆ ಬೆಟ್ಟ ಗಂಜಿಯಾಗಿ ಹರಿದು ಬರುತ್ತದೆಂದು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದ್ದವನು ಅವನೇ. ಆದರೂ ಪಂಚೆ ಎತ್ತಿ ಕಟ್ಟಿ, ಒಂದು ಮಾತೂ ಆಡದೆ, ಬೆಟ್ಟದ ಕಡೆಗೇ ಓಡಿದ. ಅವನು ಮಾತಾಡದೆ ಮಾಡಿದ ಕೆಲಸ ಜೀವಮಾನದಲ್ಲಿ ಅದೊಂದೇ. ಅವನ ಹಿಂದೆ ಕೊಲ್ಲಾಪುರಮ್ಮ ಓಡಿದಳು, ಅವಳ ಹಿಂದೆ ಓಬಳಯ್ಯ. ಏನೋ ವಿಶೇಷವಿದೆ ಎಂದು ಅವರ ಹಿಂದೆ ಅರ್ಧ ಊರು ಓಡಿತು. ಊರೇ ಹೋದಮೇಲೆ ತಾನೊಬ್ಬ ಬಯಲಿನಲ್ಲಿ ಯಾರ ಮೇಲೆ ಅಧಿಕಾರ ಮಾಡುವುದೆಂದು ಕೊನೆಗೆ ನಂದೀಶ್ವರಯ್ಯನೂ ಎದ್ದ.

ಬೀದಿ ತಿರುಗಿದಾಗ ಬೊಮ್ಮಪ್ಪನಿಗೆ ಮೊದಲು ಕೇಳಿಸಿದ್ದು ಕೂಗು.

"ಎತ್ತು! ಐಸಾ! ಇನ್ನೊಸಿ! ಐಸಾ!"

ಅವನ ಮನೆಯ ಮುಂದೆ ಹನ್ನೆರಡಡಿಯ ಒಂದು ಚಪ್ಪಡಿ ಹಗ್ಗ ಬಿಗಿದ ಬೊಂಬುಗಳಲ್ಲಿ ತೂಗುತ್ತಾ ಗಾಳಿಯಲ್ಲಿತ್ತು. ಒಂದು ಕಡೆ ಬೋರಪ್ಪ ಮತ್ತು ಅವನ ಆಳುಗಳು. ಇನ್ನೊಂದು ಕಡೆ, ಜರಿ ರುಮಾಲು ತೆಗೆದು ಹೆಗಲಿಗೆ ಸಿಂಬಿ ಮಾಡಿಕೊಂಡ ತಿಮ್ಮರಾಯಪ್ಪ, ಅವನ ಇಬ್ಬರು ತಮ್ಮಂದಿರು, ಸಿರಾದ ಇನ್ನೂ ನಾಲ್ಕು ಜನ. ನಡುವೆ ಹೊಸ ಕೋಟು ಕಳಚಿಟ್ಟು, ಹಲ್ಲು ಕಚ್ಚಿ, ಬೊಂಬಿಗೆ ಹೆಗಲು ಕೊಟ್ಟು ನಿಂತ ಗಂಡು. ಜಗಲಿಯ ಪಕ್ಕದಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ರಂಗಕ್ಕ.

"ನಿಮ್ಮ ಕಡೆ ಒಸಿ ಇಳಿಸಿ ಮಾವ," ಎನ್ನುತ್ತಿದ್ದಳು. "ಈ ಮೂಲೆ ಎದ್ದೈತೆ. ಹಾಂ, ಈಗ ಬುಡಿ."

ಧಡ್ ಎಂದು ಚಪ್ಪಡಿ ಜಗಲಿಯ ಮೇಲೆ ಕೂತಿತು. ಹೆಗ್ಗಣದ ಕಥೆ ಅಲ್ಲಿಗೆ ಮುಗಿಯಿತು.

ನಡೆದದ್ದು ಇಷ್ಟು. ಬೀಗರು ಬಂದಾಗ ಊರಿನಲ್ಲಿದ್ದ ಜೀವವೆಂದರೆ ರಂಗಕ್ಕ, ಹಸು, ಅರ್ಧ ಗಂಟೆಯ ಕರು. ಅವಳು ಕೈ ತೊಳೆದು ಬಂದು ಮಜ್ಜಿಗೆ ಕೊಟ್ಟಳು. ತಿಮ್ಮರಾಯಪ್ಪ, ಸುಳ್ಳಾಡಿದವರ ಮನೆಯಲ್ಲಿ ನೀರೂ ಕುಡಿಯುವುದಿಲ್ಲವೆಂದು ಬಾಗಿಲಲ್ಲೇ ನಿಂತು ಮಣ್ಣಿನ ಜಗಲಿಯನ್ನು ದುರುಗುಟ್ಟಿ ನೋಡುತ್ತಿದ್ದ. ಅಷ್ಟರಲ್ಲಿ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಬೋರಪ್ಪ ಚಪ್ಪಡಿ ತಂದ. ಎತ್ತಿಡಲು ಊರಿನಲ್ಲಿ ಒಂದು ಆಳಿಲ್ಲ. ಇನ್ನೇನು ಮಾಡುತ್ತಾರೆ?

ತಿಮ್ಮರಾಯಪ್ಪ ಬೆವರು ಒರೆಸಿಕೊಂಡು ಚಪ್ಪಡಿಯ ಪಕ್ಕದ ನೆಲದಲ್ಲಿ ಆ ತುದಿಯಿಂದ ಈ ತುದಿಗೆ ಅಡಿಗೆ ಅಡಿ ಕೂಡಿಸಿ ನಡೆದು ಅಳೆದ. "ಹನ್ನೆರಡೇ ಐತೆ. ಕೂಡಿಸಿಲ್ಲ," ಎಂದ. ಮುಖ ಸ್ವಲ್ಪ ಸಡಿಲವಾಯಿತು. "ಆಗ್ಲಿ. ಕುಂತು ಮಾತಾಡಣ."

ಕೂತ.

ಕೂತ ವೇಗಕ್ಕಿಂತ ಹೆಚ್ಚು ವೇಗವಾಗಿ ಎದ್ದ. "ಅಪ್ಪಪ್ಪಪ್ಪಾ! ಸುಡ್ತಾ ಐತೆ!"

"ನಾನು ಹೇಳ್ಲಿಲ್ವಾ!" ಎಂದು ಬೊಮ್ಮಪ್ಪ ಬೀದಿಯಿಂದ ಚೀರಿದ. "ಒಳಗೆ ಕಾದೈತೆ! ಕರಗ್ತದೆ! ರಂಗೀ, ಓಡು!"

ಹಿಂದೆ ಬಂದಿದ್ದ ಅರ್ಧ ಊರು ಮತ್ತೆ ಬಯಲಿನ ಕಡೆಗೆ ತಿರುಗಿತು.

"ಯಾಕ್ರಣ್ಣ ಓಡ್ತೀರಿ?" ಎಂದ ಬೋರಪ್ಪ, ಕಣ್ಣು ಪಿಳಿಪಿಳಿ ಬಿಡುತ್ತಾ. "ಬೆಳಗ್ಗೆಯಿಂದ ಎರಡು ಗಾಡಿ ಸೌದೆ ಉರಿಸಿವ್ನಿ. ಬಿಸಿ ಇಲ್ದೆ ಏನ್ ತಣ್ಣಗಿರ್ತದಾ? ಸಂಜೀಗ್ ಆರ್ತದೆ. ಬೊಮ್ಮಪ್ಪಣ್ಣನೇ ಅಲ್ವಾ ಬೆಂಕಿ ಹಾಕ್ಸಿದ್ದು!"

ಕೊಟ್ಟಿಗೆಯಲ್ಲಿ ಕರು ಒಂದು ಸಲ ಕೂಗಿತು. ಓಡುತ್ತಿದ್ದವರು ಒಬ್ಬೊಬ್ಬರಾಗಿ ತಿರುಗಿದರು. ಎಲ್ಲರ ಕಣ್ಣೂ ಬೆಟ್ಟದ ಹಿಂದಿನ ತೆಳ್ಳಗಾದ ಹೊಗೆಯನ್ನು ನೋಡಿ, ಚಪ್ಪಡಿಯನ್ನು ನೋಡಿ, ಕೊನೆಗೆ ಬೊಮ್ಮಪ್ಪನ ಮೇಲೆ ಬಂದು ನಿಂತವು. ಹತ್ತು ವರ್ಷ ಹಾಸಿಗೆ ಹಿಡಿದಿದ್ದ ಮುದುಕ, "ನನ್ನ ಕಾಲಿನ ಖಾಯಿಲೆ ವಾಪಸ್ ತಂದ್ಕೊಡ್ಲಾ!" ಎಂದು ಕೂಗಿದ. ಅವನ ಸೊಸೆಯರು ನಾಳೆಯಿಂದ ಕೆಲಸ ಹೇಳುತ್ತಾರೆಂಬುದು ಅವನಿಗೆ ಹೊಳೆದಿತ್ತು.

ನಂದೀಶ್ವರಯ್ಯ ಮುಂದೆ ಬಂದು ಕನ್ನಡಕ ಏರಿಸಿದ. "ಸರ್ಕಾರದ ಬೆಟ್ಟಕ್ಕೆ ಬೆಂಕಿ! ಸರ್ಕಾರದ ಕಲ್ಲು! ಇದಕ್ಕೆ ನಮೂನೆ ಇದೆ!"

ಬೊಮ್ಮಪ್ಪನ ಜೀವ ಹಾರಿತು. ರಂಗಕ್ಕ ಮಾತ್ರ ಮಜ್ಜಿಗೆಯ ಚೆಂಬನ್ನು ಶೇಖದಾರನ ಕೈಗೆ ಕೊಡುತ್ತಾ, "ಬರ್ಕಳಿ ಸ್ವಾಮಿ. ನಿನ್ನೆ ಬರೆದ್ರಲ್ಲ, ಬೆಟ್ಟ ಕರಗ್ತದೆ ಅಂತ, ಸತ್ತ ಇಲಿ ಇನ್ನೂ ಇಲ್ಲ ಅಂತ, ಎರಡೂ ಕಾಗ್ದ ಒಟ್ಟಿಗೆ ಅಮಲ್ದಾರ್ರಿಗೆ ಕಳ್ಸನ" ಎಂದಳು.

ನಂದೀಶ್ವರಯ್ಯ ಮಜ್ಜಿಗೆ ಕುಡಿದ. ಬಹಳ ಹೊತ್ತು ಕುಡಿದ. ಆಮೇಲೆ, "ಮಜ್ಜಿಗೆ ಚೆನ್ನಾಗಿದೆಯಮ್ಮ" ಎಂದು ಹೇಳಿ ಮನೆಗೆ ಹೋದ.

ಉಳಿದದ್ದು ತಿಮ್ಮರಾಯಪ್ಪನ ಫೈಸಲ್. ಅವನು ಸುಟ್ಟ ಜಾಗವನ್ನು ಸವರಿಕೊಳ್ಳುತ್ತಾ ಬೊಮ್ಮಪ್ಪನ ಎದುರಿಗೆ ನಿಂತ. ಬೊಮ್ಮಪ್ಪ ನೆಲ ನೋಡುತ್ತಿದ್ದ.

"ಸಂತೆ ದಿನ ಈ ಜಗಲೀಲಿ ಚಪ್ಪಡಿ ಇತ್ತಾ?"

"ಇರ್ಲಿಲ್ಲ ಬೀಗ್ರೆ."

"ಬೆಟ್ಟ ಕರಗ್ತದೆ ಅಂತ ನಂಬಿದ್ಯಾ?"

"ನಂಬಿದ್ದೆ."

"ನಂಬಿದ್ದೂ ಈ ಕಡೀಕೇ ಯಾಕೋಡಿ ಬಂದೆ?"

ಬೊಮ್ಮಪ್ಪ ಮಗಳ ಕಡೆ ನೋಡಿದ. ಬಾಯಿ ತೆರೆದ. ಒಂದು ಮೊಳ ಉದ್ದದ ಮಾತು ಬರಬೇಕಿತ್ತು. ಏನೂ ಬರಲಿಲ್ಲ.

ತಿಮ್ಮರಾಯಪ್ಪ ರಂಗಕ್ಕನ ಕೈಯಿಂದ ಇನ್ನೊಂದು ಚೆಂಬು ಇಸಿದುಕೊಂಡು ಗಟಗಟ ಕುಡಿದ. ಅದು ಮಜ್ಜಿಗೆ, ನೀರಲ್ಲ, ಆದ್ದರಿಂದ ಅವನ ಶಪಥಕ್ಕೂ ಭಂಗವಿಲ್ಲ.

"ಹೆಣ್ಣು ಒಪ್ಪಿಗೆ," ಎಂದ. "ಚಪ್ಪಡಿ ಒಪ್ಪಿಗೆ, ಹೊತ್ತೋರು ನಾವೇ. ಮದುವೆ ಮಾತ್ರ ಸಿರಾದಲ್ಲಿ. ನಿಮ್ಮ ಬೆಟ್ಟದ ಮ್ಯಾಲೆ ನಂಗೆ ನಂಬ್ಕೆ ಐತೆ ಕಣಯ್ಯ, ನಿನ್ನ ಮ್ಯಾಲಿಲ್ಲ. ಚಪ್ಪರ ಹಾಕೋ ದಿನ ನೀನು ಇನ್ಯಾವನಾದ್ರೂ ಸಾಹೇಬನ್ನ ಮಾತಾಡಿಸ್ಬುಟ್ರೆ?"

ಮದುವೆ ಸಿರಾದಲ್ಲಿ ಆಯಿತು. ಬೊಮ್ಮಪ್ಪನನ್ನು ಮೂರು ದಿನ ಯಾರೊಂದಿಗೂ ಮಾತಾಡಲು ಬಿಡದೆ ಓಬಳಯ್ಯ ಪಕ್ಕದಲ್ಲೇ ಕೂತಿದ್ದ.

ಆ ಚಪ್ಪಡಿಯ ಮೇಲೆ ಆಮೇಲೆ ಊರೆಲ್ಲ ಕೂತಿತು. ಬೊಮ್ಮಪ್ಪ ಮಾತ್ರ ಕಡೆಯವರೆಗೆ ನೇರವಾಗಿ ಕೂತವನಲ್ಲ. ದಿನಾ ಬೆಳಗ್ಗೆ ತಂಬಿಗೆಯಿಂದ ಅಂಗೈಗೆ ನೀರು ಬಗ್ಗಿಸಿಕೊಂಡು ಕಲ್ಲಿನ ಮೇಲೆ ಚಿಮುಕಿಸುತ್ತಿದ್ದ. ಕಿವಿ ಬಗ್ಗಿಸಿ ಕೇಳುತ್ತಿದ್ದ. ಚುಯ್ ಎನ್ನದಿದ್ದರೆ ಕೂರುತ್ತಿದ್ದ. ಬೀದಿಯಲ್ಲಿ ಹೋಗುವವರು ಬಿಡುತ್ತಾರೆಯೇ?

"ಏನ್ ಬೊಮ್ಮಪ್ಪ, ಹೆಂಗೈತೆ ಬೆಟ್ಟ? ಇವತ್ತೇನಾ?"

ಬೊಮ್ಮಪ್ಪ ತಲೆ ಎತ್ತಿ ಆ ಮುದ್ದೆಯನ್ನು ಬುಡದಿಂದ ನೆತ್ತಿಯವರೆಗೆ ಒಂದು ಸಲ ನೋಡುತ್ತಿದ್ದ. ಆಮೇಲೆ ಸಾಹೇಬರ ಜೊತೆ ಎರಡು ದಿನ ತಿರುಗಿದವನ ಗತ್ತಿನಿಂದ ಹೇಳುತ್ತಿದ್ದ:

"ಇವತ್ತಿಲ್ಲ ಕಣ್ಲಾ. ನಾಳೆ ನಾಡಿದ್ದು."